ನಾಜಲ್ ಕೂರಿಸಿದ ಮೇಲೆ ಏರ್ ತೆಗೆಯುವ ಕ್ರಮ: ಹಳೆಯ ಮೂರು ಸಿಲಿಂಡರ್ ಟ್ರ್ಯಾಕ್ಟರುಗಳಿಗೆ ಮಾತ್ರ

ಬೇಕಾಗುವ ಸಾಮಾನು: 17ರ ಸ್ಪ್ಯಾನರು, ಅದು ಕೂರದಿದ್ದರೆ 19ರದ್ದು, ಹೊಸ ತಾಮ್ರದ ವಾಷರುಗಳು, ಹಳೆ ಬನಿಯನ್ನು, ಚಾರ್ಜ್ ಇರುವ ಬ್ಯಾಟರಿ, ಹೇಳಿದಾಗ ಮಾತ್ರ ಸೆಲ್ಫ್ ಹೊಡೆಯುವ ಒಬ್ಬ ಮನುಷ್ಯ. ಕೊನೆಯದು ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ಸಿಗುವುದಿಲ್ಲ.

ಬೇಡವೆಂದರೂ ಒದಗುವ ಸಾಮಾನು: ಸಲಹೆಗಾರರು. ಬಿತ್ತನೆಯ ಹದ ಬಂದ ದಿನ ಬಾನೆಟ್ ಎತ್ತಿ ನಿಂತ ಟ್ರ್ಯಾಕ್ಟರಿನ ಸುತ್ತ ಇವರು ಕರೆಯದೆ ಸೇರುತ್ತಾರೆ. ‘ಪಂಪೇ ಹೋಗೈತೆ, ಬಿಚ್ಚಿಸಿ’ ಎನ್ನುವವರನ್ನು ಎತ್ತು ಕಾಯಲು ಕಳಿಸಿ. ಪಂಪು ಹೋಗಿಲ್ಲ. 1951ರಲ್ಲಿ ಹುಟ್ಟಿದ ಬೆಂಗಳೂರಿನ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಮೆಕ್ಯಾನಿಕ್ಕರ ಬಾಯಲ್ಲಿ ಅದು ಇನ್ನೂ ಮೈಕೋ ಪಂಪೇ. ಅದರ ಸೀಲಿಗೆ ಕೈ ಹಚ್ಚಬೇಡಿ.

ತೊಂದರೆ ಇಷ್ಟೇ. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನ ಗಾಳಿ ಹದಿನಾರು ಹದಿನೇಳು ಪಟ್ಟು ಒತ್ತಿಸಿಕೊಂಡು 500 ಡಿಗ್ರಿ ದಾಟಿ ಕಾಯುತ್ತದೆ, ಅದರ ಮೇಲೆ ಸಿಂಪಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಆದರೆ ನಾಜಲ್ ಸುಮ್ಮನೆ ಬಾಯಿ ಬಿಡುವ ಪೈಕಿಯಲ್ಲ, ಸುಮಾರು 200 ಬಾರ್ ಒತ್ತಡ ಕೇಳುತ್ತದೆ. ಕಾರಿನ ಟೈರಿನಲ್ಲಿರುವುದರ ನೂರು ಪಟ್ಟು ಹತ್ತಿರ. ಪೈಪಿನ ತುಂಬ ಡೀಸೆಲ್ ಇದ್ದರೆ ಪ್ಲಂಜರ್ ತಳ್ಳಿದ್ದು ನೇರ ನಾಜಲ್ ಮುಟ್ಟುತ್ತದೆ. ಗಾಳಿ ಸೇರಿದ್ದರೆ, ತಳ್ಳಿದಾಗ ಮುದುಡಿ, ಬಿಟ್ಟಾಗ ಹಿಗ್ಗಿ, ಅಲ್ಲೇ ಕೂರುತ್ತದೆ. ಒಳಗೆ ಬೆಂಕಿ ಹಚ್ಚುವ ಗಾಳಿಯೇ ಗೇಣುದ್ದ ಹೊರಗೆ ಪೈಪಿನಲ್ಲಿ ನಿಂತು ಬೆಂಕಿಯನ್ನು ತಡೆಯುತ್ತದೆ.

ನಾಜಲ್ ಕೂರಿಸುವ ಮೊದಲು ತೂತಿಗೆ ಟಾರ್ಚ್ ಬಿಡಿ. ಹಳೆಯ ವಾಷರ್ ಅಲ್ಲೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಹೊಸದನ್ನು ಇಟ್ಟರೆ ನಾಜಲ್ ಎತ್ತರಕ್ಕೆ ಕೂತು ಕಂಪ್ರೆಷನ್ ಚಸ್ ಚಸ್ ಎಂದು ಹೊರಬರುತ್ತದೆ. ಆಮೇಲೆ ಯಾವ ಏರ್ ತೆಗೆದರೂ ಪ್ರಯೋಜನವಿಲ್ಲ.

ಕೆಲಸ ಟ್ಯಾಂಕಿನ ಕಡೆಯಿಂದ ಶುರುವಾಗಬೇಕು. ಎಲ್ಲರೂ ನಾಜಲ್ಲಿಗೇ ಕೈ ಹಾಕುವುದು ಅಲ್ಲಿ ಚಿಮ್ಮುವುದನ್ನು ನೋಡಲು ಚೆಂದ ಎಂಬ ಕಾರಣಕ್ಕೆ. ಟ್ಯಾಂಕಿನ ಕಾಕ್ ತೆರೆದಿದೆಯೇ ನೋಡಿ; ‘ನಾನು ನೋಡಿದೀನಿ’ ಎಂದವರನ್ನು ನಂಬದೆ ನೋಡಿ. ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪ್ರೈಮರ್ ಒತ್ತಿ. ಮೊದಲು ಗುಳ್ಳೆ, ಆಮೇಲೆ ನೊರೆ, ಕೊನೆಗೆ ಕಡಿಯದ ಧಾರೆ. ಧಾರೆ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಪಂಪಿನ ಸ್ಕ್ರೂಗೂ ಇದೇ ಉಪಚಾರ.

ಈಗ ನಾಜಲ್ ತುದಿಯ ಮೂರೂ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಸ್ಟಾಪ್ ನಾಬ್ ಒಳಗೆ ತಳ್ಳಿ. ಅದನ್ನು ಹೊರಗೆ ಎಳೆದೇ ಬಿಟ್ಟು ಬ್ಯಾಟರಿ ಮುಗಿಸಿದವರು ಊರಿಗೊಬ್ಬರಾದರೂ ಇದ್ದಾರೆ. ಆಕ್ಸಿಲರೇಟರ್ ಪೂರ್ತಿ ಕೊಟ್ಟು ಹತ್ತು ಸೆಕೆಂಡ್ ಸೆಲ್ಫ್ ಹೊಡೆಸಿ, ಒಂದು ನಿಮಿಷ ಬಿಡಿ. ಈ ಒಂದು ನಿಮಿಷ ಸಲಹೆಗಾರರಿಗೆ ಸಹಿಸಲಾಗುವುದಿಲ್ಲ. ಬೀಡಿ ಮಾತ್ರ ಹಚ್ಚಲು ಬಿಡಬೇಡಿ. ಪುಸ್ ಎನ್ನುವುದು ನಿಂತು, ಗುಳ್ಳೆಯಿಲ್ಲದ ಡೀಸೆಲ್ ಬಿಟ್ಟುಬಿಟ್ಟು ಚಿಮ್ಮಿದಾಗ ಒಂದೊಂದೇ ನಟ್ಟು ಬಿಗಿಯಿರಿ.

ಎಚ್ಚರಿಕೆ, ಇದರಲ್ಲಿ ತಮಾಷೆ ಇಲ್ಲ: ನಾಜಲ್ ಸಿಂಪಡಿಕೆಗೆ ಕೈ ಒಡ್ಡಬೇಡಿ, ಸೋರಿಕೆಯನ್ನು ಬೆರಳಿಂದ ಹುಡುಕಬೇಡಿ, ರಟ್ಟಿನ ತುಂಡು ಹಿಡಿಯಿರಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹರಡುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಮೊದಲಿಗೆ ಅಷ್ಟಿಲ್ಲ, ಆದರೆ ಬೆರಳೇ ಹೋಗಬಹುದು. ಅರಿಸಿನ ಹಚ್ಚಿ ಕೂರದೆ ತಕ್ಷಣ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ. ಕಾಮನ್ ರೇಲ್ ಗಾಡಿಗಳಲ್ಲಿ ಒತ್ತಡ 1,600 ಬಾರ್ ದಾಟುತ್ತದೆ. ಅವುಗಳ ನಟ್ಟು ಸಡಿಲಿಸಲೇಬೇಡಿ.

ಸೆಲ್ಫ್ ಹೊಡೆದರೂ ಹೊಗೆಯೇ ಇಲ್ಲವೆಂದರೆ ಡೀಸೆಲ್ ಇನ್ನೂ ತಲುಪಿಲ್ಲ. ಬಿಳಿ ಹೊಗೆ ಬಂದರೆ ತಲುಪಿದೆ, ಹೊತ್ತಿಲ್ಲ. ಸ್ಟಾರ್ಟಾಗಿ, ಸಲಹೆಗಾರರೆಲ್ಲ ತಮ್ಮಿಂದಲೇ ಆಯಿತೆಂದು ಹೊರಟ ಮೇಲೆ ಮತ್ತೆ ನಿಂತರೆ, ಟ್ಯಾಂಕಿಗೂ ಫೀಡ್ ಪಂಪಿಗೂ ನಡುವಿನ ಪೈಪು ನೋಡಿ. ಅಲ್ಲಿ ಹನಿಯೂ ಸೋರದೆ ಹೊರಗಿನ ಗಾಳಿ ಒಳಗೆ ಸೇರುತ್ತಿರಬಹುದು. ವಾಷರ್ ಬದಲಿಸಿ, ಫಿಲ್ಟರಿನಿಂದ ಮತ್ತೆ ಶುರು ಮಾಡಿ. ಅದಕ್ಕೂ ಮೊದಲು ಸೆಲ್ಫ್ ಹೊಡೆಯುವವನಿಗೆ ಊಟ ಹಾಕಿಸಿ.