ಜಾರುವುದೋ, ಮುಳುಗುವುದೋ: ಬಳಕೆದಾರರ ಕೈಪಿಡಿ

ಟೊರೊಂಟೊಗೆ ಹೊಸದಾಗಿ ಬಂದಿಳಿದು, ಮೊದಲ ಚಳಿಗಾಲವನ್ನು ಹೀಟರ್ ಪಕ್ಕ ಕೂತು ಪುಳಿಯೋಗರೆ ತಿನ್ನುತ್ತಲೇ ಕಳೆದ ಕನ್ನಡಿಗರಿಗಾಗಿ ಈ ಕೈಪಿಡಿ. ಸ್ಕೇಟಿಂಗೂ ಬೇಕು, ಈಜೂ ಬೇಕು ಎನ್ನುವವರಿಗೆ ವಾರಂಟಿ ಅನ್ವಯಿಸದು.

ಆಯ್ಕೆಗೆ ಮುನ್ನ: ಖರ್ಚು ನೋಡಬೇಡಿ. ನಗರಾಡಳಿತದ ಬಯಲು ರಿಂಕುಗಳೂ ಬಿಟ್ಟಿ, ಬೇಸಿಗೆಯ ಬಯಲು ಈಜುಕೊಳಗಳೂ ಬಿಟ್ಟಿ. ನೇಥನ್ ಫಿಲಿಪ್ಸ್ ಸ್ಕ್ವೇರ್‌ನಲ್ಲಂತೂ ಚಳಿಗಾಲದ ರಿಂಕೇ ಬೇಸಿಗೆಯಲ್ಲಿ ಕೊಳ. (ಇಳಿಯಬೇಡಿ, ಅದು ನೋಡಲಿಕ್ಕೆ ಮಾತ್ರ.) ಕೇಳಿಕೊಳ್ಳಬೇಕಾದ್ದು ಇಷ್ಟೇ: ಎಷ್ಟು ಜನರೆದುರು ಮರ್ಯಾದೆ ಹೋದರೆ ನಿಮಗೆ ಅಡ್ಡಿಯಿಲ್ಲ?

ಈಜುಕೊಳದಲ್ಲಿ ಟೋಪಿ, ಗಾಗಲ್ಸ್ ಏರಿಸಿದರೆ ಯಾರಿಗೂ ಯಾರ ಗುರುತೂ ಹತ್ತುವುದಿಲ್ಲ. ಮುಖ ಮುಳುಗಿಸಿ, ನೀರೊಳಗೇ ಉಸಿರು ಬಿಡಿ. ತಲೆ ಪಕ್ಕಕ್ಕೆ ಹೊರಳಿಸಿ ಎಳೆದುಕೊಳ್ಳಿ. ಊರ ಬಾವಿಯಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ತಲೆಯೆತ್ತಿ ಈಜಿದವರಿಗೆ ಕಲಿಸುವುದಕ್ಕಿಂತ ಮರೆಸುವುದೇ ಕಷ್ಟ.

ರಿಂಕಿನಲ್ಲಿ ಮರೆ ಅನ್ನುವುದೇ ಇಲ್ಲ. ಲೇಸನ್ನು ಕಣಕಾಲಿನ ಹತ್ತಿರ ಬಿಗಿದು ಕಟ್ಟಿ. ಸಡಿಲಬಿಟ್ಟರೆ ಪಾದ ಒಳಕ್ಕೆ ವಾಲುತ್ತದೆ. ಬ್ಲೇಡು ಹೊಸದಾದರೆ ಮೊದಲು ಸಾಣೆ ಹಿಡಿಸಿ. ಬೂಟು ತಿರುಗಿಸಿ ನೋಡಿ: ಬ್ಲೇಡಿನ ಉದ್ದಕ್ಕೂ ಸಣ್ಣ ತೋಡು, ಅದರ ಅತ್ತಿತ್ತ ಎರಡು ಅಂಚು. ನಿಮ್ಮ ಮಾನ ನಿಂತಿರುವುದು ಆ ಅಂಚುಗಳ ಮೇಲೆ. ಮಂಡಿ ಬಗ್ಗಿಸಿ. ಸಾಲದು, ಇನ್ನೂ ಬಗ್ಗಿಸಿ. ಬೀಳುವುದಂತೂ ಬೀಳುತ್ತೀರಿ, ಹಿಂದಕ್ಕೆ ಬೀಳದೆ ಪಕ್ಕಕ್ಕೆ ಬೀಳಿ. ಬಿದ್ದೊಡನೆ ಬೆರಳು ಮಡಿಚಿ ಮುಷ್ಟಿ ಕಟ್ಟಿ; ಹಿಂದೆ ಬರುವವರ ಕಾಲಲ್ಲೂ ಬ್ಲೇಡಿದೆ. ಅಷ್ಟರಲ್ಲಿ ನಾಲ್ಕು ವರ್ಷದ ಪೋರಿಯೊಬ್ಬಳು ಹಿಮ್ಮುಖವಾಗಿ ಜಾರುತ್ತಾ ಬಂದು 'ಆರ್ ಯೂ ಓಕೆ?' ಎಂದು ವಿಚಾರಿಸುತ್ತಾಳೆ. ಇದು ಉತ್ಪನ್ನದ ದೋಷವಲ್ಲ.

ಸ್ಕೇಟ್ಸ್ ಕೊಂಡ ರಶೀದಿ ಎಸೆಯಬೇಡಿ, ಚಳಿಯನ್ನೂ ನಂಬುವಂತಿಲ್ಲ. ಒಟ್ಟಾವಾದ ರಿಡೋ ಕಾಲುವೆ ಚಳಿಗಾಲದಲ್ಲಿ 7.8 ಕಿ.ಮೀ. ಉದ್ದದ ಜಾರುದಾರಿ, 2022-23ರಲ್ಲಿ ಮಂಜುಗಡ್ಡೆ ಸಾಕಷ್ಟು ಕಟ್ಟದೆ ಅದು ತೆರೆಯಲೇ ಇಲ್ಲ.

ಎರಡೂ ಒಗ್ಗದವರಿಗೆ ಮೂರನೆಯ ಹವ್ಯಾಸವೊಂದುಂಟು: ರಿಂಕಿನಂಚಿನಲ್ಲಿ ಹಾಟ್ ಚಾಕೊಲೇಟ್ ಹಿಡಿದು, ಮಕ್ಕಳು ಜಾರುವುದನ್ನು ಊರಿನ ಅಜ್ಜಿಗಾಗಿ ವಿಡಿಯೋ ಮಾಡುವುದು. ಕೈಗವಸು ತೆಗೆಯಬೇಕಾಗುತ್ತದೆ. ಚಳಿಗೆ ಫೋನಿನ ಬ್ಯಾಟರಿ ಬೇಗ ಸಾಯುತ್ತದೆ. ಮಗ ಬಿದ್ದದ್ದನ್ನು ಕತ್ತರಿಸಿಯೇ ಕಳಿಸಿ. ಇಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ದಾವಣಗೆರೆಯಿಂದ ಫೋನ್ ಬರುತ್ತದೆ.