ಭಾವನ ಬಿಳಿ ಜುಬ್ಬಾ

ನಮ್ಮ ಭಾವ ಟ್ರಿಪ್ಪಿಗೆ ಹೋಗುವವರಲ್ಲ. ಟ್ರಿಪ್ಪಿಗೆ ಹೋಗುವವರ ಜಾತಿಯೇ ಬೇರೆ. ಅವರು ಮಹಾಬಳೇಶ್ವರಕ್ಕೆ ಹೋಗಿ ಸ್ಟ್ರಾಬೆರಿ ಕ್ರೀಮು ತಿಂದು, ಕುದುರೆ ಮೇಲೆ ಕೂತು ಫೋಟೋ ತೆಗೆಸಿಕೊಂಡು, ಬರುವಾಗ ಎರಡು ಬಾಟಲಿ ಶರಬತ್ತು ಹಿಡಿದು ಬರುವ ಪಾಮರರು. ಭಾವ ಊರುಗಳನ್ನು ‘ಅನುಭವಿಸು’ತ್ತಾರೆ.

ಪುಣೆಯಲ್ಲಿ ನೆಲೆ ನಿಂತ ಕನ್ನಡ ಮನೆತನಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಐದು ದಿನ ಹಿಂಜವಡಿಯ ಗಾಜಿನ ಕಟ್ಟಡದಲ್ಲಿ ಕಂಪ್ಯೂಟರಿನ ಮುಂದೆ ಬಗ್ಗಿದ್ದವರು ಶನಿವಾರ ಬೆಳಗಾಗುವಷ್ಟರಲ್ಲಿ ಕಲಾರಸಿಕರಾಗಿ ಎದ್ದು ಕೂರುತ್ತಾರೆ. ಹೆಗಲಿಗೆ ಖಾದಿ ಚೀಲ ಬರುತ್ತದೆ. ಅದುವರೆಗೆ ‘ಚಹಾ’ ಆಗಿದ್ದದ್ದು ‘ಕಟಿಂಗ್’ ಆಗುತ್ತದೆ. ನಮ್ಮ ಭಾವನಿಗಂತೂ ಇದು ಹುಟ್ಟೂರಿನ ಹಕ್ಕು. ಧಾರವಾಡದವರು. ಹುಡುಗರಾಗಿದ್ದಾಗ ಟ್ಯೂಶನ್ನಿಗೆ ಸಾಧನಕೇರಿ ದಾಟಿ ಹೋಗುತ್ತಿದ್ದರು. ಬೇಂದ್ರೆಯವರ ಗಾಳಿ ತಮಗೆ ಅಲ್ಲೇ ಸೋಕಿತೆಂದು ಇವತ್ತಿಗೂ ನಂಬಿದ್ದಾರೆ.

ಈ ಸಲ ಮಕ್ಕಳಿಗೆ ಎರಡು ದಿನ ರಜೆ. ರಾಣೆಬೆನ್ನೂರಿನಿಂದ ಅವ್ವನೂ ಬಂದಿದ್ದಳು. ಅಕ್ಕ ‘ಎಲ್ಲೆರ ತಂಪಿರೋ ಗುಡ್ಡದ ಊರಿಗೆ ಹೋಗೋಣ್ರಿ’ ಅಂದಳು. ಭಾವ ಹುಡುಕಿ ಹುಡುಕಿ ಜೇಜುರಿ ತೆಗೆದರು. ಪುಣೆಯಿಂದ ಐವತ್ತು ಕಿಲೋಮೀಟರ್ ಒಳಗೆ. ಗುಡ್ಡ ಇದೆ, ಊರೂ ಇದೆ. ತಂಪು ಮಾತ್ರ ಇಲ್ಲ. ಅಕ್ಕ ಅದನ್ನು ಎತ್ತಿದಾಗ ಭಾವ ಕಪಾಟಿನಿಂದ ತೆಳ್ಳಗಿನ ಪುಸ್ತಕವೊಂದನ್ನು ತಂದು ಮೇಜಿನ ಮೇಲೆ ಇಟ್ಟರು: ಅರುಣ್ ಕೊಲಟ್ಕರ್ ಅವರ ಇಂಗ್ಲಿಷ್ ಕವಿತೆಗಳ ‘ಜೆಜುರಿ’. 1976ರಲ್ಲಿ ಬಂದದ್ದು, ಮರುವರ್ಷವೇ ಕಾಮನ್‌ವೆಲ್ತ್ ಕಾವ್ಯ ಪ್ರಶಸ್ತಿ ಗಳಿಸಿದ್ದು. ಇಡೀ ಜಗತ್ತು ಓದಿದ ಊರು ನಮ್ಮ ಮನೆಯಿಂದ ಎರಡು ತಾಸು ದೂರದಲ್ಲಿರುವಾಗ ಸ್ಟ್ರಾಬೆರಿ ತಿನ್ನಲು ಹೋಗುವುದೇ? ಪುಸ್ತಕವನ್ನು ಭಾವ ಎಷ್ಟು ಓದಿದ್ದಾರೆಂಬುದು ಅಕ್ಕನಿಗೆ ಗೊತ್ತು. ಗುರುತಿಗೆಂದು ಇಟ್ಟ ಪಾರ್ಕಿಂಗ್ ಚೀಟಿ ಎರಡು ವರ್ಷದಿಂದ ಅದೇ ಪುಟದಲ್ಲಿದೆ.

ಹೊರಡುವ ದಿನ ಭಾವ ಹಾಲಿನಂಥ ಬಿಳಿ ಲಿನನ್ ಜುಬ್ಬಾ ತೊಟ್ಟು ನಿಂತರು. ಅವ್ವ ಮೇಲಿಂದ ಕೆಳಗೆ ನೋಡಿದಳು.

‘ಅಳಿಯಂದಿರ, ಜೇಜುರಿಗೆ ಇದನ್ನ ಹಾಕ್ಕೊಂಡು ಬರ್ತೀರೇನ್ರಿ?’

‘ಹೂಂ ಅತ್ತಿ. ಅಲ್ಲಿ ಎಲ್ಲಾ ಹಳದಿ ಇರತದಲ್ಲ, ಬಿಳಿ ಕಾಂಟ್ರಾಸ್ಟ್ ಆಗತದ.’

ಅವ್ವ ಮತ್ತೆ ಮಾತಾಡಲಿಲ್ಲ. ಅವಳ ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಇದ್ದವು. ಜೊತೆಗೆ ಭಾವನ ಹಳೆಯ ಚೆಕ್ಸ್ ಅಂಗಿಯೊಂದೂ ಇತ್ತು. ಅದು ನಮಗೆ ತಿಳಿದದ್ದು ಆಮೇಲೆ.

ದಿವೆ ಘಾಟ್ ಹತ್ತುವಾಗ ಕೆಳಗೆ ಮಸ್ತಾನಿ ಕೆರೆ ಕಂಡಿತು. ಭಾವ ಕಾರು ನಿಲ್ಲಿಸಿ ಬಾಜೀರಾಯನ ಪ್ರೇಮಕತೆ ಶುರು ಮಾಡಿದರು. ಹುಡುಗನಿಗೆ ಮೂತ್ರ ಬಂದು ಕತೆ ಅರ್ಧಕ್ಕೆ ನಿಂತಿತು. ಸಾಸವಡದಲ್ಲಿ ಬುಟ್ಟಿ ತುಂಬ ಅಂಜೂರ ಕಂಡು ಅಕ್ಕ ‘ರೀ, ರೀ’ ಅಂದಳು. ‘ಬರುವಾಗ’ ಅಂದರು. ಪುರಂದರ ತಾಲ್ಲೂಕಿನ ಅಂಜೂರ ಬರುವಾಗಿನತನಕ ಕಾಯುವ ಹಣ್ಣಲ್ಲ, ಆ ಮಾತು ಬೇರೆ.

ಜೇಜುರಿಯ ಖಂಡೋಬಾ ಗಡದ ಮೆಟ್ಟಿಲು ಒಂಬತ್ತು ಲಕ್ಷ ಅಂತ ಮರಾಠಿ ಜನ ಹಾಡಿಕೊಳ್ಳುತ್ತಾರೆ. ಎಣಿಸಿದರೆ ಕೆಲವು ನೂರು. ಮೊಣಕಾಲನ್ನು ಕೇಳಿದರೆ ಒಂಬತ್ತು ಲಕ್ಷವೇ ಸರಿ. ಎರಡೂ ಕಡೆ ಅಂಗಡಿಗಳು, ಅಂಗಡಿಗಳ ಮುಂದೆ ಬುಟ್ಟಿಯಲ್ಲಿ ಗೋಪುರ ಮಾಡಿಟ್ಟ ಅರಿಶಿನಪುಡಿ. ಅದಕ್ಕೆ ಭಂಡಾರ ಅಂತಲೇ ಹೆಸರು, ಇಲ್ಲೂ ನಮ್ಮಲ್ಲೂ. ಪಕ್ಕದಲ್ಲಿ ಒಣಕೊಬ್ಬರಿ ಬಟ್ಟಲು, ಕವಡೆ ಸರ. ಮೆಟ್ಟಿಲುಗಳ ಮೇಲೆ ನಿಂತ ಕಲ್ಲಿನ ದೀಪಮಾಲೆ ಕಂಬಗಳೂ ಹಳದಿ, ಮಲಗಿದ ನಾಯಿಯೂ ಹಳದಿ. ಹೊಸದಾಗಿ ಮದುವೆಯಾದ ಹುಡುಗನೊಬ್ಬ ಹೆಂಡತಿಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದ, ಇಲ್ಲಿಯ ಪದ್ಧತಿ. ಅಕ್ಕ ಭಾವನನ್ನು ನೋಡಿದಳು. ಭಾವ ದೀಪಮಾಲೆಯ ವಾಸ್ತುಶಿಲ್ಪ ನೋಡಿದರು.

ಭಾವನ ವಿವರಣೆ ಎಲ್ಲಿಯೂ ನಿಲ್ಲಲಿಲ್ಲ. ಖಂಡೋಬಾ ಹೋಳ್ಕರರ ಕುಲದೈವ, ಅಹಲ್ಯಾಬಾಯಿ, ಶಿವಾಜಿ, ಕೊಲಟ್ಕರ್, ಮತ್ತೆ ಕೊಲಟ್ಕರ್.

‘ಅತ್ತಿ, ಆ ಕವಿ ಇಲ್ಲಿ ಬಸ್ಸಿನಾಗ ಬಂದಿದ್ದರು.’

‘ಪಾಪ. ಅವರಿಗೂ ಮನಿದೇವರೇನು?’

ಇದು ಭಾವನಿಗೆ ಹೊಳೆಯದ ವಿಷಯ. ಇಷ್ಟು ಹೊತ್ತು ಅವರು ಅವ್ವನಿಗೆ ಜೇಜುರಿ ತೋರಿಸುತ್ತಿರುವುದಾಗಿ ತಿಳಿದಿದ್ದರು. ಅವ್ವನೋ, ತನ್ನ ಮೈಲಾರಲಿಂಗಪ್ಪನ ಇನ್ನೊಂದು ಮನೆಗೆ ಬಂದಿದ್ದಳು. ದೇವರಗುಡ್ಡ ನಮ್ಮೂರಿನಿಂದ ಕೈಯಳತೆ ದೂರ. ಅಲ್ಲಿ ಈ ಖಂಡೋಬನೇ ಮಾಲತೇಶ. ಹೊಳೆ ದಾಟಿದರೆ ಮೈಲಾರ. ಬೀದರಿನ ಹತ್ತಿರದ ಮೈಲಾರವೂ ಇವನದೇ, ಅಥಣಿ ಕಡೆಯ ಮಂಗಸೂಳಿಯೂ ಇವನದೇ. ಅರ್ಧ ಗುಡ್ಡದಲ್ಲಿ ಬಾಣಾಯಿಯ ಗುಡಿ ಬಂತು: ಕುರುಬರ ಮಗಳು, ಖಂಡೋಬನ ಎರಡನೆಯ ಹೆಂಡತಿ. ಹಿರಿಯಳಾದ ಮ್ಹಾಳಸಾ ಮೇಲೆ ಗಂಡನ ಜೊತೆ. ಅವ್ವ ಕೂಡಲೇ ಲೆಕ್ಕ ಹೊಂದಿಸಿದಳು. ‘ನಮ್ಮ ಕಡೆ ಗಂಗಿಮಾಳವ್ವ, ಕುರುಬತ್ಯವ್ವ. ಇಲ್ಲೂ ಅದೇ ಸಂಸಾರ. ಆದರ ಇಲ್ಲಿ ಮನಿ ಬ್ಯಾರೆ ಬ್ಯಾರೆ ಮಾಡಿಟ್ಟಾನ. ಶ್ಯಾಣ್ಯಾ.’

ಮೇಲಿನಿಂದ ಕೂಗು ಬಂತು: ಯೇಳಕೋಟ ಯೇಳಕೋಟ ಜಯ ಮಲ್ಹಾರ! ಭಾವ ಅದರ ಅರ್ಥ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಎಂಟು ವರ್ಷದ ಹುಡುಗಿ, ‘ಅಜ್ಜಿ, ಇದು ನೀ ಅನ್ನೋ ಏಳುಕೋಟಿ ಅಲ್ಲಾ?’ ಅಂದಳು. ಅಲ್ಲದೆ ಮತ್ತೇನು. ಇಡೀ ಮಹಾರಾಷ್ಟ್ರ ಕನ್ನಡದಲ್ಲಿ ಕೂಗುತ್ತಿರುವಾಗ ಭಾವ ಇಂಗ್ಲಿಷ್ ಪುಸ್ತಕ ತಿರುವುತ್ತಿದ್ದರು.

ಅಂಗಳದಲ್ಲಿ ಹಿತ್ತಾಳೆ ಹೊದಿಸಿದ ದೊಡ್ಡ ಆಮೆ. ಅದರ ಸುತ್ತ ಜನ. ಭಾವ ಕ್ಯಾಮರಾ ಹಿಡಿದು ಪಾಳು ಮತ್ತು ಭಕ್ತಿಯ ನಡುವಿನ ಬಿಕ್ಕಟ್ಟಿನ ಬಗ್ಗೆ ಹೇಳುತ್ತಲೇ ಇದ್ದರು. ಅವ್ವ ಕಣ್ಣು ಮುಚ್ಚಿ ನಿಂತಿದ್ದಳು. ಒಮ್ಮೆಲೇ ಕಣ್ಣು ತೆರೆದು, ಅಂಗಳ ಗುಂಯ್‌ಗುಡುವಂತೆ ಕೂಗಿದಳು:

‘ಸದ್ದಲೇ!’

ಮೈಲಾರದ ಕಾರಣಿಕ ಕಂಡವರಿಗೆ ಈ ಕೂಗು ಗೊತ್ತು. ಗೊರವಯ್ಯ ಬಿಲ್ಲೇರಿ ತುದಿಗೆ ಹೋಗಿ ಈ ಒಂದು ಮಾತು ಕೂಗುತ್ತಾನೆ. ಲಕ್ಷ ಜನ ಉಸಿರು ಬಿಗಿ ಹಿಡಿಯುತ್ತಾರೆ. ಒಂದು ಸಾಲು ವರ್ಷದ ಭವಿಷ್ಯ ನುಡಿದು ಅಲ್ಲಿಂದ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಅಳಿಯನೊಡನೆ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಬಹುವಚನ ತಪ್ಪದ ಅವ್ವ, ಮೈಲಾರನ ಹೆಸರಿನಲ್ಲಿ ಆ ಬಾಕಿ ತೀರಿಸಿಕೊಂಡಳು. ಭಾವ ಸ್ತಬ್ಧ. ಆ ನಿಶ್ಶಬ್ದದಲ್ಲೇ ಹಿಂದಿನಿಂದ ಮದುವೆ ದಿಬ್ಬಣವೊಂದು ಬಂದು, ಬೊಗಸೆ ಬೊಗಸೆ ಭಂಡಾರ ಆಕಾಶಕ್ಕೆ ಎಸೆಯಿತು.

ಹಳದಿ ಇಳಿದ ಮೇಲೆ ನೋಡಿದರೆ ಭಾವ ಕಾಣಲಿಲ್ಲ. ಒಂದು ಜೊತೆ ಕಣ್ಣು ಮಾತ್ರ ಪಿಳಿಪಿಳಿ ಅನ್ನುತ್ತಿತ್ತು. ಗಡ್ಡದಲ್ಲಿ ಕೊಬ್ಬರಿ ಚೂರೊಂದು ಸಿಕ್ಕಿಬಿದ್ದಿತ್ತು. ಕನ್ನಡಕ ಮೂಗಿನ ಮೇಲೆ ಕೂರುವ ಆ ಎರಡು ಪುಟ್ಟ ಗುಂಡಿಗಳ ಸಂದಿನಲ್ಲೂ ಅರಿಶಿನ. ಜುಬ್ಬಾದ ಒಂದು ತೋಳು ಮಾತ್ರ, ಕ್ಯಾಮರಾಕ್ಕೆ ಅಡ್ಡ ಹಿಡಿದಿದ್ದರಿಂದ, ಬೆಳ್ಳಗೆ ಉಳಿದಿತ್ತು. ಅವ್ವ ಸಮಾಧಾನದಿಂದ ಅದರ ಮೇಲೂ ಒಂದು ಚಿಟಿಕೆ ಹಾಕಿದಳು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಗುಡ್ಡ ಇಳಿದು ಖಾನಾವಳಿಯ ನಲ್ಲಿ ಕಂಡದ್ದೇ ತಡ, ಭಾವ ಸೋಪು ಇಸಿದುಕೊಂಡು ಜುಬ್ಬಾದ ಎದೆಗೆ ತಿಕ್ಕಿದರು. ತಿಕ್ಕಿದ ಕಡೆಯೆಲ್ಲ ಹಳದಿ ಹೋಗಿ ಕೆಂಪಾಯಿತು. ಇನ್ನೂ ತಿಕ್ಕಿದರು. ಇನ್ನೂ ಕೆಂಪು. ಹುಡುಗ ‘ಪಪ್ಪಾಗ ರಕ್ತ!’ ಎಂದು ಚೀರಿದ. ಎಂಜಿನಿಯರಿಂಗ್ ಓದಿದ ಭಾವನಿಗೆ ಕ್ಷಾರದ ಪಾಠ ಆ ಹೊತ್ತಿಗೆ ನೆನಪಾಗಲಿಲ್ಲ. ‘ಅರಿಶಿಣಕ್ಕ ಸುಣ್ಣ ಬಿದ್ದರ ಕುಂಕುಮ ಆಗತದ್ರಿ, ಅಳಿಯಂದಿರ. ಸಬಕಾರನೂ ಅದೇ ಕೆಲಸಾ ಮಾಡತದ’ ಎಂದು ಅವ್ವ ಗಂಟು ಬಿಚ್ಚಿ ಚೆಕ್ಸ್ ಅಂಗಿ ಮುಂದೆ ಹಿಡಿದಳು. ಭಾವ ತೊಡಲಿಲ್ಲ. ಕಲಾರಸಿಕರು ಚೆಕ್ಸ್ ಹಾಕುವುದಿಲ್ಲ.

ರೈಲು ನಿಲ್ದಾಣಕ್ಕೂ ಹೋದೆವು. ಕವಿಯ ಪುಸ್ತಕ ಮುಗಿಯುವುದು ಅಲ್ಲೇ. ಅದು ಪರಿವಿಡಿ ನೋಡಿದರೂ ತಿಳಿಯುತ್ತದೆ. ಭಾವ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಹಳಿಗಳತ್ತ ನೋಡುತ್ತ, ಎದೆ ತುಂಬ ಕೆಂಪು ಹೊತ್ತು, ಗಂಭೀರವಾಗಿ ನಿಂತರು. ಬೆಂಚಿನ ಮೇಲಿದ್ದ ಮುದುಕರೊಬ್ಬರು ಗಾಬರಿಯಿಂದ ಎದ್ದು ಬಂದು ‘ಕಾಯ್ ಝಾಲಂ, ಸಾಹೇಬ? ಕುಠೇ ಲಾಗಲಂ?’ ಎಂದು ಕೈ ಹಿಡಿದುಕೊಂಡರು. ಏನಾಯಿತು, ಎಲ್ಲಿ ಪೆಟ್ಟಾಯಿತು. ಅವ್ವ ಮಾತ್ರ ಬೋರ್ಡಿನ ಮೇಲಿನ ಹೆಸರು ಓದಿ ಕೈ ಮುಗಿದಳು. ಹುಬ್ಬಳ್ಳಿಯಿಂದ ಮೀರಜ ಮೇಲೆ ಪುಣೆಗೆ ಬರುವಾಗೆಲ್ಲ ಅವಳ ರೈಲು ಇದನ್ನೇ ದಾಟುತ್ತದೆ. ನಿದ್ದೆಗಣ್ಣಲ್ಲೂ ಎದ್ದು ಕಿಟಕಿಯತ್ತ ಒಂದು ನಮಸ್ಕಾರ ಹಾಕುವುದು ಅವಳಿಗೆ ರೂಢಿ.

ಬರುವಾಗ ಅಂಜೂರ ಮುಗಿದಿತ್ತು.

ಆ ಜುಬ್ಬಾ ಒಗೆದಷ್ಟೂ ಹಳದಿ ಕೆಂಪು ಮೋಡಗಳಾಗಿ ಹರಡಿಕೊಂಡು ನಿಂತಿತು. ಭಾವ ಅದನ್ನೇ ಶುಕ್ರವಾರ ಆಫೀಸಿಗೆ ತೊಟ್ಟು ಹೋಗಿ, ಜೇಜುರಿಯ ಕೈಬಣ್ಣ, ಪೂರ್ತಿ ನೈಸರ್ಗಿಕ ಅಂದರಂತೆ. ಮೂವರು ಸಹೋದ್ಯೋಗಿಗಳು ಎಲ್ಲಿ ಸಿಗುತ್ತದೆ ಎಂದು ಗಂಟು ಬಿದ್ದರು. ಮುಂದಿನ ಭಾನುವಾರ ಅವರನ್ನು ಕರೆದುಕೊಂಡು ಹೊರಟಿದ್ದಾರೆ. ಮೂವರಿಗೂ ಬಿಳಿ ಲಿನನ್ ಕೊಳ್ಳಲು ಹೇಳಿದ್ದಾರೆ. ಊರಿಗೆ ಮರಳಿದ್ದ ಅವ್ವನಿಗೆ ಫೋನ್ ಮಾಡಿ, ‘ಅತ್ತಿ, ಬಣ್ಣ ಹಂಗ ಸಮಾ ಬರಬೇಕಂದ್ರ ಸೋಪು ಎಷ್ಟೊತ್ತು ತಿಕ್ಕಬೇಕ್ರಿ?’ ಎಂದು ಕೇಳಿದರು.

ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಅಕ್ಕ ಮೆಲ್ಲಗೆ ಫೋನನ್ನು ಭಾವನ ಕಿವಿಯಿಂದ ಒಂದು ಗೇಣು ದೂರ ಸರಿಸಿದಳು.