ಮಿಡಿ ಚಿಕ್ಕಮ್ಮನ ಪಾಠಶಾಲೆ

ಸಾಗರ, ಹೊಸನಗರ, ಶಿರಸಿ ಕಡೆಯ ಯಾವ ಊರಿಗೇ ಹೋಗಿ, ಅಲ್ಲೊಬ್ಬರು ಮಿಡಿ ಚಿಕ್ಕಮ್ಮ ಇದ್ದೇ ಇರುತ್ತಾರೆ. ರಿಪ್ಪನ್‌ಪೇಟೆಗೆ ಅಪ್ಪೆಮಿಡಿಯ ಮೂಟೆ ಬಂದಿಳಿಯಿತೆಂದರೆ ಮಹಿಳಾ ಮಂಡಳಿಯಲ್ಲಿ ಅವರ ಉಪ್ಪಿನಕಾಯಿ ತರಗತಿ ಶುರು. ಶುಲ್ಕವಿಲ್ಲ. ಬೈಗುಳವೂ ಪುಕ್ಕಟೆ.

ಬಾಗಿಲಲ್ಲೇ ಕೈ ತಪಾಸಣೆ. "ಒದ್ದೆ ಕೈಯವರು ಆ ಕಡೆ ಕೂತ್ಕೊಳ್ಳಿ. ನೋಡಿ ಕಲೀರಿ, ಮುಟ್ಟೋದು ಬೇಡ." ಆಮೇಲೆ ಮಿಡಿಯ ಸರದಿ. ತೊಟ್ಟಿಗೆ ಉಗುರು ತಾಗಿಸಿ, ಸೊನೆ ಮೂಸಿ, "ಇದು ಜೀರಿಗೆ, ಇದು ಅನಂತಭಟ್ಟನ ಅಪ್ಪೆ, ಇದು ನಿನ್ನ ಗಂಡ ಮೋಸ ಹೋಗಿ ತಂದದ್ದು" ಎಂದು ಮೂರು ರಾಶಿ ಹಾಕುತ್ತಾರೆ. ತೊಟ್ಟು ಕಳಚಿದ್ದು, ಮರದಿಂದ ಬಿದ್ದು ಪೆಟ್ಟಾದದ್ದು ಭರಣಿಗಿಳಿದರೆ ಉಳಿದದ್ದನ್ನೂ ಕೊಳೆಸುತ್ತದೆ. ಹಾಗಾಗಿ ಅವು ಚಿಕ್ಕಮ್ಮನ ಚೀಲಕ್ಕೆ, ಅಂದಿನ ಅಪ್ಪೆಹುಳಿಗೆ.

ಪಾಠ ಎಡವುವುದು ಅಳತೆಯಲ್ಲಿ. ಹರಳುಪ್ಪು ಒಂದು ಪದರ, ಮಿಡಿ ಒಂದು ಪದರ. ಇಷ್ಟನ್ನು ಎಲ್ಲರೂ ಬರೆದುಕೊಳ್ಳುತ್ತಾರೆ.

"ಉಪ್ಪು ಎಷ್ಟು ಚಿಕ್ಕಮ್ಮ?"

"ಬೇಕಾದಷ್ಟು."

"ಅಂದ್ರೆ?"

"ಕಡಿಮೆ ಆಗದಷ್ಟು, ಮಾರಾಯ್ತಿ."

"ಎಷ್ಟು ದಿನ ಇಡ್ಬೇಕು?"

"ಮಿಡಿ ನಮ್ಮತ್ತೆ ಕೆನ್ನೆ ಥರ ಚಿರುಟೋ ತನಕ."

ಬೆಂಗಳೂರಿನಿಂದ ಬಂದ ಸೊಸೆಯಂದಿರು ಉಪಾಯ ಮಾಡಿ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಾರೆ. ಉಪ್ಪುನೀರು ಕುದಿಸಿ ಆರಿಸುವುದು ಚೆನ್ನಾಗಿಯೇ ಕಾಣುತ್ತದೆ. ಅದರಲ್ಲಿ ಬೀಸಲು ಸಾಸಿವೆ, ಒಣಮೆಣಸು ಅಳೆದು ಹಾಕುವ ಹೊತ್ತಿಗೆ ಮಾತ್ರ ಪರದೆಯ ತುಂಬ ಚಿಕ್ಕಮ್ಮನ ಬೆನ್ನು.

ಒಮ್ಮೊಮ್ಮೆ ಕೃಷಿ ವಿಜ್ಞಾನ ಕೇಂದ್ರದಿಂದ ಒಬ್ಬ ಹುಡುಗಿ ಉಪನ್ಯಾಸಕ್ಕೆ ಬರುವುದುಂಟು. ಉಪ್ಪು ಮಿಡಿಯೊಳಗಿನ ನೀರನ್ನು ಹೊರಗೆಳೆಯುತ್ತದೆ, ಅದು ಶೇ. 15ಕ್ಕಿಂತ ಮೇಲಿದ್ದರೆ ಕೊಳೆಸುವ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಬೆಳೆಯುವುದಿಲ್ಲ ಎಂದು ಆ ಹುಡುಗಿ ವಿವರಿಸುವಾಗ ಪೆನ್ನುಗಳೆಲ್ಲ ಒಟ್ಟಿಗೇ ಓಡುತ್ತವೆ. ಚಿಕ್ಕಮ್ಮನಿಗೆ ಅದು ಸಹಿಸದು. "ಬೇಕಾದಷ್ಟು ಅಂತ ನಾ ಹೇಳಿದ್ದೂ ಅದೇ ಅಲ್ವನೇ? ಇವಳು ಅದಕ್ಕೊಂದು ನಂಬರ್ ಕೊಟ್ಟಳು, ಅಷ್ಟೆ." ಆದರೂ ಊಟದ ಹೊತ್ತಿಗೆ ಆ ಹುಡುಗಿಯ ಎಲೆಗೆ ತಾವೇ ಎರಡು ಮಿಡಿ ಬಡಿಸಿ, "ಇದರಲ್ಲಿ ಎಷ್ಟು ಪರ್ಸೆಂಟು, ಹೇಳು ನೋಡುವ" ಎನ್ನುತ್ತಾರೆ. ಬಾಯಿ ತುಂಬ ಮಿಡಿ ಇರುವವಳು ಏನು ಹೇಳಿಯಾಳು?

ಶಿಷ್ಯೆಯರು ಫೇಲಾದರೆ ಚಿಕ್ಕಮ್ಮನಿಗೆ ಕನಿಕರ, ಪಾಸಾದರೇ ಕಷ್ಟ. ಯಾರದೋ ಮನೆಯ ಉಪ್ಪಿನಕಾಯಿ ಮಳೆಗಾಲ ದಾಟಿಯೂ ಕರುಮುರು ಎನ್ನುತ್ತಿದೆ ಎಂದು ಕಿವಿಗೆ ಬಿದ್ದರೆ ಸಂಜೆಯೊಳಗೆ ಅಲ್ಲಿ ಹಾಜರ್. ಒಂದು ಮಿಡಿ ಕಚ್ಚಿ, ಕಣ್ಣು ಮುಚ್ಚಿ, "ಸಾಸಿವೆ ಒಂದು ಕಾಳು ಮುಂದಾಯ್ತು" ಎನ್ನುತ್ತಾರೆ. ಖಚಿತವಾಗಲು ಇನ್ನೊಂದು ಕಚ್ಚುತ್ತಾರೆ. ಇನ್ನೂ ಖಚಿತವಾಗಲು ಒಂದು ಬಾಟಲಿ ಮನೆಗೆ ಒಯ್ಯುತ್ತಾರೆ.

ಮರುವರ್ಷದ ತರಗತಿಯಲ್ಲಿ "ಮಿಡಿ ಅಂದ್ರೆ ಹೀಗಿರಬೇಕು" ಎಂದು ಎತ್ತಿ ತೋರಿಸುವುದು ಅದೇ ಬಾಟಲಿಯನ್ನು. ಯಾರು ಹಾಕಿದ್ದೆಂದು ಕೇಳಿದರೆ ಸೆರಗು ಸರಿಪಡಿಸಿಕೊಂಡು, "ಯಾರು ಹಾಕಿದ್ರೇನೇ, ಕಲಿಸಿದ್ದು ನಾನಲ್ವಾ?"